ಹುಲಿಗೆಮ್ಮಕ್ಕ ರೈನ್ ಹೊಳೆಗೆ ಉಡಿ ತುಂಬಿದ್ದು

ದೇವದುರ್ಗ ಬಸ್‌ಸ್ಟ್ಯಾಂಡ್

ಪರದೇಶಕ್ಕೆ ಹೊರಟವರನ್ನು ಬೀಳ್ಕೊಡಲು ಜನ ವಿಮಾನ ನಿಲ್ದಾಣಕ್ಕೆ ಹೋಗುತ್ತಾರಂತೆ. ನಮ್ಮನ್ನು ಬೀಳ್ಕೊಡಲು ಮಸರಕಲ್ಲಿನ ಅರ್ಧ ಓಣಿ ದೇವದುರ್ಗದ ಬಸ್‌ಸ್ಟ್ಯಾಂಡಿಗೆ ಬಂದಿತ್ತು. ಒಬ್ಬರ ಕೈಯಲ್ಲಿ ಶೇಂಗಾ ಹೋಳಿಗೆ, ಇನ್ನೊಬ್ಬರ ಕೈಯಲ್ಲಿ ಕೆಂಪು ಚಟ್ನಿಯ ಡಬ್ಬಿ, ಮತ್ತೊಬ್ಬರ ತಲೆಯ ಮೇಲೆ ಖಡಕ್ ರೊಟ್ಟಿಯ ಗಂಟು. ರಾಯಚೂರು ಬಸ್ಸಿನ ಕಂಡಕ್ಟರ್ ನಮ್ಮ ಸಾಮಾನು ನೋಡಿ ಸೀಟಿ ಊದುವುದನ್ನೇ ಮರೆತ.

"ಎಲ್ಲಿಗಿ ಯವ್ವಾ? ಮದುವಿಗೇನು?"

ಹುಲಿಗೆಮ್ಮಕ್ಕ ಸೆರಗು ಸರಿ ಮಾಡಿಕೊಂಡು, "ನೆದರ್ಲ್ಯಾಂಡಿಗಿ," ಅಂದಳು.

"ಅದು ಎಲ್ಲಿ ಬರ್ತದ? ಮಾನ್ವಿ ದಾಟಿಂದೇನು?"

"ಹ್ಞೂಂ. ಮಾನ್ವಿ ದಾಟಿ ಸ್ವಲ್ಪ ಮುಂದ."

"ಹಂಗಾದ್ರ ಇಳೀರಿ ಯವ್ವಾ. ಮಾನ್ವಿ ಬಸ್ ಆಕಡಿ ನಿಂತದ!"

ಓಣಿಗೆ ಓಣಿಯೇ ನಕ್ಕಿತು. ನಾನೂ ನಕ್ಕೆ. ಆಮೇಲೆ ನಾನು ನಕ್ಕಿದ್ದನ್ನು ಹುಲಿಗೆಮ್ಮಕ್ಕ ನೋಡಿದಳೇನೋ ಎಂದು ಸುಮ್ಮನಾದೆ. ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಆದರೆ ನಮ್ಮ ನಡುವೆ ನಾಲ್ಕು ಮಳೆಗಾಲಗಳಿಂದ ಮಾತಿರಲಿಲ್ಲ.

ಹುಲಿಗೆಮ್ಮಕ್ಕ ನಮ್ಮ ಮನೆಯವರ ಅಕ್ಕ. ಮಾನ್ವಿ ತಾಲೂಕಿನ ಬಾಗಲವಾಡಕ್ಕೆ ಕೊಟ್ಟಿದ್ದು. ನಾನು ಹತ್ತನೇ ತರಗತಿಯವರೆಗೆ ಓದಿದವಳು, ಮಸರಕಲ್ಲಿನ ಶಾಲೆಯಲ್ಲಿ ಬಿಸಿಯೂಟ ಮಾಡುತ್ತೇನೆ. ನಮ್ಮ ಮನೆಯವರು ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಬಾವಿಯ ತಳದಲ್ಲಿ ಪೈಪಿನ ಬಾಯಿಗೆ ಕಸ ಸಿಕ್ಕರೆ ಮುಳುಗಿ ತೆಗೆಯುವವರು ಅವರೇ. ಮೇಲಿನ ಡ್ಯಾಮಿನಿಂದ ಕೃಷ್ಣೆಗೆ ನೀರು ಬಿಟ್ಟಾಗ ದಂಡೆಯ ಮೋಟರುಗಳನ್ನು ಮೇಲೆಳೆಯಲು ಎಲ್ಲರೂ ಕರೆಯುವುದು ಅವರನ್ನೇ. ಮೀನಿಗೂ ಈಜು ಕಲಿಸುತ್ತಾನೆ ಎಂದು ಊರು ಹೇಳುತ್ತಿತ್ತು. ಹೀಗೆ ಒಂದು ಮಧ್ಯಾಹ್ನ ಯಾರದೋ ಮೋಟರು ಉಳಿಸಲು ಹೋಗುವಾಗ, ಊರಿನಿಂದ ಹೊಳೆಗೆ ಹೋಗುವ ದಾರಿಯ ಹಳ್ಳದ ಸೇತುವೆಯ ಮೇಲೆ ಮೊಣಕಾಲುದ್ದ ನೀರು ಹರಿಯುತ್ತಿತ್ತು. ಗಾಡಿ ಈಚೆಗೆ ನಿಲ್ಲಿಸಿ ನಡೆದು ದಾಟಲು ಹೋದರು. ಮೊಣಕಾಲುದ್ದ ನೀರಿನಲ್ಲೇ ಹೋದರು.

ಆ ದಿನ ಅವರ ಮೈಮೇಲೆ ನೀಲಿ ರೇನ್‌ಕೋಟ್ ಇತ್ತು. ರಾಯಚೂರಿನ ಬಜಾರಿನಲ್ಲಿ ನಾನೇ ಇಷ್ಟಪಟ್ಟು ಕೊಂಡ ಜೋಡಿ, ಅವರಿಗೊಂದು, ನನಗೊಂದು. ಬೇಡ ಬೇಡ ಅಂದರೂ ತೊಡಿಸಿ, ಗುಂಡಿ ಹಾಕಿ, ಟೊಪ್ಪಿಗೆಯ ದಾರವನ್ನು ಗದ್ದದ ಕೆಳಗೆ ಗಂಟು ಹಾಕಿ ಕಳಿಸಿದವಳೂ ನಾನೇ. ಮಣ್ಣು ಮಾಡಿ ಬಂದ ಮೇಲೆ ಹುಲಿಗೆಮ್ಮಕ್ಕ ಎಲ್ಲರೆದುರು ಅಂದಳು: "ಈಸಾಡೋ ನನ್ನ ತಮ್ಮನ್ನ ಪ್ಲಾಸ್ಟಿಕ್ಕಿನ್ಯಾಗ ಕಟ್ಟಿ ಕಳಿಸಿದಿ."

ಅದು ಸುಳ್ಳು ಎಂದು ನನಗೂ ಗೊತ್ತಿರಲಿಲ್ಲ. ಅಷ್ಟು ಈಜುವ ಮನುಷ್ಯನನ್ನು ಅಷ್ಟು ಸ್ವಲ್ಪ ನೀರಿನಲ್ಲಿ ಏನೋ ಕಟ್ಟಿ ಹಾಕಿರಬೇಕಲ್ಲ? ಅಂದಿನಿಂದ ನಾನು ರೇನ್‌ಕೋಟ್ ತೊಡಲಿಲ್ಲ. ಗೋಣಿಚೀಲದ ಕೊಪ್ಪೆ ಹಾಕಿಕೊಳ್ಳುತ್ತೇನೆ, ಇಲ್ಲವಾದರೆ ನೆನೆಯುತ್ತೇನೆ.

ಮಗಳು ಪ್ರತಿಭಾ ರಾಯಚೂರಿನಲ್ಲಿ ಕೃಷಿ ಓದಿ, ಸರಕಾರದ ವಿದ್ಯಾರ್ಥಿವೇತನದಲ್ಲಿ ಆ ದೇಶಕ್ಕೆ ಹೋಗಿದ್ದಳು. ಓದು ಮುಗಿಯಿತು, ಪದವಿ ಕೊಡುವ ದಿನ ನೀವು ಬರಲೇಬೇಕು ಎಂದಳು. ನನಗೆ ಫೋನಿನಲ್ಲಿ, "ಅತ್ತಿಗಿ ಒಬ್ಬಾಕೀಗೆ ಬರಾಕ ಅಂಜಿಕಿ, ನೀ ಜೋಡಿ ಬಾ," ಎಂದಿದ್ದಳು. ಅವಳ ಸೋದರತ್ತೆ ಹುಲಿಗೆಮ್ಮಕ್ಕನಿಗೆ, "ಅವ್ವಗ ಒಬ್ಬಾಕೀಗೆ ಅಂಜಿಕಿ," ಎಂದಿದ್ದಳು. ಇದು ಬಯಲಾದದ್ದು ರಾಯಚೂರು ಬಂದ ಮೇಲೆ, ಹುಲಿಗೆಮ್ಮಕ್ಕ ಕಿಟಕಿ ಕಡೆ ಮುಖ ಮಾಡಿ, "ನಿನಗ ಅಂಜಿಕಿ ಅಂತ ನಾ ಬಂದೀನಿ," ಎಂದಾಗ.

"ನನಗೇನು ಅಂಜಿಕಿ ಇಲ್ರಿ ಅಕ್ಕಾ. ನಿಮಗ ಅಂಜಿಕಿ ಅಂತ ನಾ ಬಂದೀನಿ."

ಇಬ್ಬರೂ ಹೈದರಾಬಾದ್‌ವರೆಗೆ ಅಂಜಿಕೊಂಡೇ ಹೋದೆವು.

ಹೈದರಾಬಾದ್

ವಿಮಾನ ನಿಲ್ದಾಣದಲ್ಲಿ ನಮ್ಮ ರೊಟ್ಟಿಗೆ ಯಾರೂ ಏನೂ ಅನ್ನಲಿಲ್ಲ. ಚಟ್ನಿಯನ್ನು ಮೂಸಿ ನೋಡಿ ಬಿಟ್ಟರು. ಹುಲಿಗೆಮ್ಮಕ್ಕನ ಚೀಲದಿಂದ ಮಾತ್ರ ಐದು ಒಣಕೊಬ್ಬರಿ ಬಟ್ಟಲು ಹೊರಬಂದವು. ಒಣಕೊಬ್ಬರಿಗೆ ಬೇಗ ಬೆಂಕಿ ಹತ್ತುತ್ತದಂತೆ, ವಿಮಾನದಲ್ಲಿ ಬಿಡುವುದಿಲ್ಲ ಎಂದು ಅಲ್ಲಿದ್ದ ಕಾವಲಿನ ಜವಾನ ಹಿಂದಿಯಲ್ಲಿ ಹೇಳಿದ.

ಹುಲಿಗೆಮ್ಮಕ್ಕ ಮಾನ್ವಿ ಸಂತೆಯಲ್ಲಿ ಕಲಿತ ತನ್ನ ಹಿಂದಿ ತೆಗೆದಳು. "ಅರೇ ಸಾಬ್, ಖೋಪ್ರಾ ಹೈ, ಖೋಪ್ರಾ! ಬಾಂಬ್ ನೈ!"

ಆ ಒಂದು ಶಬ್ದಕ್ಕೆ ಇನ್ನೂ ಮೂವರು ಜವಾನರು ಬಂದರು. ಸಾಲಿನಲ್ಲಿದ್ದವರೆಲ್ಲ ಹಿಂದೆ ಸರಿದರು. ಅವಳು ಮಾತ್ರ ಬಾಂಬಲ್ಲ ಎಂದು ತೋರಿಸಲು ಒಂದು ಬಟ್ಟಲು ತೆಗೆದುಕೊಂಡು ಅವರೆದುರೇ ಕಟುಂ ಎಂದು ಕಡಿದಳು. ಕಡಿದು, ಜಗಿದು, ಇನ್ನೊಂದು ಚೂರನ್ನು ಎಲ್ಲರಿಗಿಂತ ದೊಡ್ಡ ಮೀಸೆಯವನ ಮುಂದೆ ಹಿಡಿದಳು. ಅವನು ತೆಗೆದುಕೊಳ್ಳಲಿಲ್ಲ, ಆದರೆ ಮೀಸೆ ನಕ್ಕಿತು. ಉಳಿದ ನಾಲ್ಕು ಬಟ್ಟಲು ಅಲ್ಲೇ ಉಳಿದವು.

"ಅಷ್ಟು ಕೊಬ್ಬರಿ ಯಾಕ್ರಿ ಅಕ್ಕಾ?" ಎಂದು ಕೇಳಿದೆ. ನಾಲ್ಕು ವರ್ಷದಲ್ಲಿ ನಾನಾಗಿ ಕೇಳಿದ ಮೊದಲ ಮಾತು ಅದು.

"ಆ ಊರಾಗೂ ಹೊಳಿ ಅದಂತಲ್ಲ. ಉಡಿ ತುಂಬಬೇಕು."

ಹೊಳೆ ತುಂಬಿ ಬಂದರೆ ನಮ್ಮಲ್ಲಿ ಅದು ತುಂಬಿದ ಬಸುರಿ. ಅಕ್ಕಿ, ಕೊಬ್ಬರಿ, ಬಳೆ, ಕುಪ್ಪಸದ ಬಟ್ಟೆ ಕೊಟ್ಟು ಉಡಿ ತುಂಬಿದರೆ ಶಾಂತವಾಗಿ ಮುಂದೆ ಹೋಗುತ್ತಾಳೆ ಎಂದು ನಂಬಿಕೆ.

"ಪರದೇಶದ ಹೊಳಿ ಅಂದ್ರ ಹೆಣ್ಣಲ್ಲೇನು?" ಎಂದು ಹುಲಿಗೆಮ್ಮಕ್ಕ ನನ್ನನ್ನೇ ಗದರಿದಳು. ವಿಮಾನದಲ್ಲಿ ಅನ್ನ ತಂದುಕೊಟ್ಟ ಹುಡುಗಿಯ ತಲೆ ಸವರಿ, "ನಿನ್ನ ಹೊಟ್ಟಿ ತಣ್ಣಗಿರಲಿ," ಎಂದಳು. ಆಮೇಲೆ ಆ ಹುಡುಗಿ ನಮಗೆ ಎರಡೆರಡು ಸಲ ಚಹಾ ಕೊಟ್ಟಳು.

ಏರಿಯ ಹಿಂದಿನ ಮನೆ

ನೆದರ್ಲ್ಯಾಂಡಿನಲ್ಲಿ ನಾವು ಇದ್ದದ್ದು ರೈನ್ ನದಿಯ ದಂಡೆಯ ಒಂದು ಸಣ್ಣ ಊರಿನಲ್ಲಿ. ದಂಡೆಯುದ್ದಕ್ಕೂ ನಮ್ಮ ಕೆರೆ ಏರಿಯಂಥದೇ ಏರಿ, ಮೇಲೆ ಹುಲ್ಲು, ಹುಲ್ಲಿನ ಮೇಲೆ ಕುರಿ. ಏರಿಯ ಈಚೆ ಮನೆಗಳು. ಮಹಡಿಯ ಕಿಟಕಿಯಿಂದ ನೋಡಿದರೆ ಹೊಳೆಯ ದೋಣಿಗಳು ನಮ್ಮ ಕಣ್ಣಿನ ಮಟ್ಟದಲ್ಲಿ ಹೋಗುತ್ತಿದ್ದವು. ಮೊದಲ ದಿನ ಹುಲಿಗೆಮ್ಮಕ್ಕ ಅದನ್ನು ನೋಡಿ ಕುರ್ಚಿಯ ಮೇಲೆ ಕಾಲು ಎತ್ತಿಕೊಂಡು ಕೂತಳು. "ಹೊಳಿ ಮ್ಯಾಲ, ಮನಿ ಕೆಳಗ! ಇವರಿಗೆ ನಿದ್ದಿ ಹೆಂಗ ಬರ್ತದ?"

ಪ್ರತಿಭಾ ಬಾಡಿಗೆಗಿದ್ದ ಆ ಮನೆಯ ಮಾಲಕಿಯ ಹೆಸರು ಮರೈಕೆ. ಅರವತ್ತು ದಾಟಿದ ಹೆಂಗಸು, ನಮ್ಮ ಬಾಗಿಲಿನಷ್ಟು ಎತ್ತರ. ಹುಲಿಗೆಮ್ಮಕ್ಕ ಅರ್ಧ ತಾಸಿನೊಳಗೆ ಅವಳನ್ನು ಮಾರೆಕ್ಕ ಮಾಡಿಬಿಟ್ಟಳು. ಅವಳೂ ಓ ಅನ್ನತೊಡಗಿದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು, ಆದರೂ ಇಬ್ಬರೂ ಅಡುಗೆಮನೆಯಲ್ಲಿ ತಾಸುಗಟ್ಟಲೆ ಮಾತಾಡುತ್ತಿದ್ದರು. ಪ್ರತಿಭಾ ಅರ್ಥ ಹೇಳಲು ಹೋದರೆ ಇಬ್ಬರೂ ಅವಳನ್ನು ಸುಮ್ಮನಿರಿಸುತ್ತಿದ್ದರು.

ಆ ಜನ ಮಧ್ಯಾಹ್ನ ತಣ್ಣಗಿನ ಬ್ರೆಡ್ಡು ತಿಂದು ಊಟ ಆಯಿತು ಅನ್ನುತ್ತಾರೆ. ನಮ್ಮ ಖಡಕ್ ರೊಟ್ಟಿಯನ್ನು ಮಾರೆಕ್ಕ ಬಿಸ್ಕೀಟು ಎಂದುಕೊಂಡು ಕಾಫಿಯಲ್ಲಿ ಅದ್ದಿ ತಿಂದಳು, ಬಹಳ ಚೆನ್ನಾಗಿದೆ ಎಂದಳು. ಕೆಂಪು ಚಟ್ನಿಯನ್ನು ಜಾಮು ಎಂದುಕೊಂಡು ಒಂದು ಚಮಚ ಬಾಯಿಗೆ ಹಾಕಿಕೊಂಡಳು. ಆಮೇಲೆ ನಲ್ಲಿಯ ಕೆಳಗೆ ಬಾಯಿ ಇಟ್ಟುಕೊಂಡು ಎಷ್ಟೋ ಹೊತ್ತು ನಿಂತಿದ್ದಳು. ಮರುದಿನ ಬೆಳಿಗ್ಗೆ ತಾನಾಗಿಯೇ ಡಬ್ಬಿ ಕೇಳಿದಳು.

ಚಳಿಗಾಲ ಅದು, ಚಳಿಗಾಲದಲ್ಲೇ ಅವರಿಗೆ ಮಳೆ. ದಿನಾ ಮಳೆ. ಮಳೆಯಲ್ಲೇ ಸೈಕಲ್, ಸೈಕಲ್ಲಿನಲ್ಲೇ ಸಂಸಾರ. ಮುಂದೆ ಒಂದು ಕೂಸು, ಹಿಂದೆ ಒಂದು ಕೂಸು, ನಡುವೆ ತಾಯಿ, ಮೂವರಿಗೂ ರೇನ್‌ಕೋಟ್. ಅಜ್ಜಂದಿರಿಗೆ ರೇನ್‌ಕೋಟ್. ಒಂದು ನಾಯಿಗೂ ಇತ್ತು. ಇಡೀ ದೇಶದಲ್ಲಿ ರೇನ್‌ಕೋಟ್ ಇಲ್ಲದೆ ನಡೆಯುವವಳು ನಾನೊಬ್ಬಳೇ. ಮಾರೆಕ್ಕ ಪ್ರತಿ ಸಲ ಗೂಟದಿಂದ ಒಂದನ್ನು ತೆಗೆದು ಹಿಡಿಯುತ್ತಿದ್ದಳು, ನಾನು ಕೈ ಮುಗಿದು ಹೊರಗೆ ಓಡುತ್ತಿದ್ದೆ. ಮೂರನೇ ದಿನ ಎದುರು ಮನೆಯಾಕೆಯೂ ಒಂದು ತಂದಳು. ನಾಲ್ಕನೇ ದಿನ ಬೇಕರಿಯವನು ಅಂಗಡಿಯಿಂದ ಹೊರಬಂದು ತನ್ನದನ್ನೇ ಬಿಚ್ಚಿಕೊಟ್ಟ. ನಾನು ಬ್ರೆಡ್ಡನ್ನೂ ಬಿಟ್ಟು ಬಂದೆ. ಹುಲಿಗೆಮ್ಮಕ್ಕ ಇದನ್ನೆಲ್ಲ ನೋಡುತ್ತಿದ್ದಳು.

ನನ್ನ ನೀಲಿ ಕೋಟು ಸೂಟ್‌ಕೇಸಿನ ತಳದಲ್ಲಿತ್ತು. ಯಾಕೆ ತಂದೆನೋ ಗೊತ್ತಿಲ್ಲ. ಮನೆಯಲ್ಲಿ ಅದೊಂದನ್ನೇ ಬಿಟ್ಟು ಬರಲು ಮನಸ್ಸಾಗಿರಲಿಲ್ಲ.

ಪದವಿಯ ದಿನ ಪ್ರತಿಭಾ ಕರಿ ನಿಲುವಂಗಿ ತೊಟ್ಟು ವೇದಿಕೆಯ ಮೇಲೆ ನಿಂತಾಗ ಹುಲಿಗೆಮ್ಮಕ್ಕ ಎರಡೂ ಕೈಯಿಂದ ಅವಳ ದೃಷ್ಟಿ ತೆಗೆದು ತನ್ನ ಹಣೆಯ ಮೇಲೆ ಲಟಲಟ ಬೆರಳು ಮುರಿದಳು. ಸದ್ದಿಗೆ ಮುಂದಿನ ಸಾಲಿನವರು ತಿರುಗಿ ನೋಡಿದರು. ಅವಳ ತಮ್ಮ ಇದ್ದಿದ್ದರೆ ಸೀಟಿ ಹೊಡೆಯುತ್ತಿದ್ದ. ಇಬ್ಬರಿಗೂ ಅದು ನೆನಪಾಯಿತು ಅನಿಸುತ್ತದೆ.

ನೀರು ಏರಿದ ದಿನ

ಮೇಲಿನ ದೇಶಗಳಲ್ಲಿ ಮಳೆ ಹೆಚ್ಚಾಗಿ ರೈನ್ ಏರತೊಡಗಿತು. ಏರಿಯ ಆಚೆಗಿನ ಹುಲ್ಲುಗಾವಲು ಬೆಳಿಗ್ಗೆ ಇತ್ತು, ಮಧ್ಯಾಹ್ನಕ್ಕೆ ಇಲ್ಲ. ಬೇಲಿಯ ಗೂಟಗಳ ತಲೆ ಮಾತ್ರ ಸಾಲಾಗಿ ಕಾಣುತ್ತಿದ್ದವು. ದನಗಳನ್ನು ಎರಡು ದಿನ ಮೊದಲೇ ಈಚೆಗೆ ತಂದಿದ್ದರು. ನಮ್ಮಲ್ಲಿ ನೀರು ದನದ ಹೊಟ್ಟೆ ಮುಟ್ಟಿದ ಮೇಲೆ ಓಡಾಟ ಸುರುವಾಗುತ್ತದೆ.

ಮಾರೆಕ್ಕನ ಫೋನಿಗೆ ಒಂದು ಸಂದೇಶ ಬಂತು. ಅವಳು ಕೇಸರಿ ಬಣ್ಣದ ಅಂಗಿ ತೊಟ್ಟು, ಕೋಲು ಹಿಡಿದು ಹೊರಟಳು. ನೀರು ಏರಿದಾಗ ಊರಿನವರೇ ಪಾಳಿಯ ಮೇಲೆ ಇಬ್ಬಿಬ್ಬರಾಗಿ ಏರಿ ಕಾಯುತ್ತಾರಂತೆ. ಅಂದು ಅವಳ ಜೊತೆಯವನು ಬರುವುದು ತಡವಾಗಿ, ಪ್ರತಿಭಾ ಜೊತೆಯಾದಳು. ಮಳೆ ಬಿಟ್ಟಿತ್ತು. ಅವರ ಹಿಂದೆ ನಾವು, ಸೀರೆಯ ಕೆಳಗೆ ಎರಡೆರಡು ಕಾಲುಚೀಲ ಹಾಕಿಕೊಂಡು.

ನಾನು ಮಾರೆಕ್ಕ ಹೊಳೆ ನೋಡುತ್ತಾಳೆ ಎಂದುಕೊಂಡಿದ್ದೆ. ಅವಳು ಹೊಳೆಗೆ ಬೆನ್ನು ಮಾಡಿ ನಡೆದಳು. ಅವಳು ನೋಡುತ್ತಿದ್ದದ್ದು ಏರಿಯ ಈಚಿನ ಬುಡವನ್ನು, ಎಲ್ಲಿ ಜಿನುಗುತ್ತಿದೆ, ಎಲ್ಲಿ ಹೆಗ್ಗಣ ಬಿಲ ತೋಡಿದೆ ಎಂದು. "ಏರಿ ಆಚಿ ಕಡಿಂದ ಒಡಿಯೂದಿಲ್ಲಂತ, ಈಚಿ ಕಡಿಂದ ಒಡಿತದಂತ," ಎಂದು ಪ್ರತಿಭಾ ಹೇಳಿದಳು.

"ಮನಿ ಹಂಗ," ಎಂದಳು ಹುಲಿಗೆಮ್ಮಕ್ಕ. ಎಂದು, ನನ್ನ ಕಡೆ ಒಮ್ಮೆ ನೋಡಿ, ಮತ್ತೆ ಕುರಿಗಳನ್ನು ನೋಡಿದಳು.

ಏರಿಯ ಮೇಲೆ ಜನ ಬಂದಿದ್ದರು. ನಮ್ಮಲ್ಲಿ ಡ್ಯಾಮಿನ ಗೇಟು ತೆಗೆದಾಗ ಮಿರ್ಚಿ ಭಜಿ ಕಟ್ಟಿಸಿಕೊಂಡು ಹೋಗಿ ಸೆಲ್ಫಿ ತೆಗೆಯುವುದಿಲ್ಲವೇ, ಹಾಗೇ ಇವರೂ ಕಾಫಿ ಹಿಡಿದು ಫೋಟೋ ತೆಗೆಯುತ್ತಿದ್ದರು. ಆ ಮಟ್ಟಿಗೆ ಜಗತ್ತಿನ ಜನರೆಲ್ಲ ಒಂದೇ. ಆದರೆ ಏರಿಯಿಂದ ದೋಣಿ ಕಟ್ಟೆಗೆ ಇಳಿಯುವ ಡಾಂಬರು ರಸ್ತೆಗೆ ಕೆಂಪು-ಬಿಳಿ ಬಣ್ಣದ ಒಂದು ಹಲಗೆ ಅಡ್ಡ ಇಟ್ಟಿದ್ದರು. ಅದರಾಚೆ ರಸ್ತೆಯ ಮೇಲೆ ಗೇಣುದ್ದ ನೀರು. ಹಲಗೆಯ ತನಕ ಬಂದವರು ಅಲ್ಲೇ ನಿಲ್ಲುತ್ತಿದ್ದರು.

ಹುಲಿಗೆಮ್ಮಕ್ಕ ಹಲಗೆಯ ಹಿಂದೆ ಮುಂದೆ ಹುಡುಕಿದಳು. "ಪೊಲೀಸ್ರು ಎಲ್ಲಿ ಅದಾರ?"

"ಇಲ್ಲ ಅತ್ತಿ."

"ಕಾಯಾಕ ಯಾರಿಲ್ಲ?"

"ಯಾರಿಲ್ಲ."

"ಬರೇ ಕಟಿಗಿ ಇಟ್ರ ಯಾರೂ ದಾಟವಲ್ರು! ಏನು ಮಂದಿನೋ ಯವ್ವಾ. ಅಂಜುಬುರುಕರು."

ನಾವೆಲ್ಲ ನಕ್ಕು ಮುಂದೆ ನಡೆದೆವು. ಹತ್ತು ಹೆಜ್ಜೆ ಹೋದ ಮೇಲೆ ನಾನು ಹಿಂದಿರುಗಿ ನೋಡಿದೆ. ಹುಲಿಗೆಮ್ಮಕ್ಕ ಹಲಗೆಯ ಆಚೆ ಇದ್ದಳು.

ಉಡಿ

ಅವಳು ಸೆರಗಿನೊಳಗಿಂದ ಹಸಿರು ಕುಪ್ಪಸದ ಬಟ್ಟೆ ತೆಗೆದಿದ್ದಳು. ಅದರಲ್ಲಿ ಮಾರೆಕ್ಕನ ಮನೆಯ ಅಕ್ಕಿ, ಎರಡು ಬಳೆ, ಕೊಬ್ಬರಿಯ ಬದಲು ಆ ಊರಿನ ಒಂದು ಸೇಬು. ಸೀರೆ ಎತ್ತಿ ಹಿಡಿದು ಗೇಣುದ್ದ ನೀರಿನಲ್ಲಿ ಹೆಜ್ಜೆ ಇಡುತ್ತಿದ್ದಳು. ಒಬ್ಬ ಸೈಕಲ್ಲಿನವ ಕೂಗಿದ. ಅವಳು ಆಶೀರ್ವಾದ ಮಾಡುವಂತೆ ಅವನಿಗೆ ಕೈ ಎತ್ತಿದಳು.

"ಅಕ್ಕಾ, ಬ್ಯಾಡ್ರಿ!"

"ಗೇಣು ನೀರು ಅದ ಶಾಂತಾ, ಏನಾಗ್ತದ? ಕೃಷ್ಣಿ ದಂಡಿ ಹೆಣ್ಣು ನಾ..."

ಇನ್ನೂ ಎರಡು ಹೆಜ್ಜೆ. ನೀರು ಅವಳ ಮೊಣಕಾಲು ಮುಟ್ಟಿರಲಿಲ್ಲ. ಮುಟ್ಟಿರಲಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅಲ್ಲಿ ನೀರು ರಸ್ತೆಯ ಮೇಲಿಂದ ಅಡ್ಡ ಹರಿಯುತ್ತಿತ್ತು. ಯಾರೋ ಚಾಪೆ ಎಳೆದಂತೆ ಅವಳ ಎರಡೂ ಕಾಲು ಒಮ್ಮೆಲೇ ಹೋದವು. ಕೂತಳು, ಹೊರಳಿದಳು, ರಸ್ತೆಯ ಅಂಚಿನಿಂದ ಆಚೆ ಜಾರಿದಳು. ಅಂಚಿನಲ್ಲಿದ್ದ ಬೇಲಿಯ ಗೂಟವೊಂದನ್ನು ತಬ್ಬಿಕೊಂಡಳು.

ನಾನು ಓಡಿದೆ. ಹಲಗೆಯ ಹತ್ತಿರ ಮಾರೆಕ್ಕ ನನ್ನ ನಡು ಹಿಡಿದು ಎತ್ತಿಬಿಟ್ಟಳು. ನನ್ನ ಕಾಲು ನೆಲ ಬಿಟ್ಟಿದ್ದವು. "ಬಿಡ್ರೀ! ಬಿಡ್ರೀ!" ಎಂದು ಅವಳ ತೋಳನ್ನು ಗುದ್ದುತ್ತಿದ್ದೆ. ಅವಳು ಬಿಡಲಿಲ್ಲ. ಪ್ರತಿಭಾ ಮುಳುಗುವವರಿಗೆಂದು ಅಲ್ಲಿನ ಕಂಬಕ್ಕೆ ತೂಗುಹಾಕಿದ್ದ ಕೆಂಪು-ಬಿಳಿ ಟ್ಯೂಬನ್ನು ಹಗ್ಗದ ಸಮೇತ ಕಿತ್ತುಕೊಂಡು, ಹಲಗೆಯ ಈಚೆಯೇ ನಿಂತು, ಬೀಸಿ ಎಸೆದಳು. ಒಳಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಮೊದಲನೇ ಸಲ ತಪ್ಪಿತು. ಎಳೆದುಕೊಂಡು ಮತ್ತೆ ಎಸೆದಳು.

"ಅಕ್ಕಾ, ಹಿಡಿ! ಹಿಡಕೋ ಅದನ್ನ! ಗೂಟ ಬಿಟ್ಟು ಅದನ್ನ ಹಿಡಿಯೇ!" ಎಂದು ಕೂಗಿದೆ.

ಅವಳು ತೋಳು ತೂರಿಸಿದಳು. ಏರಿಯ ಮೇಲಿದ್ದವರೆಲ್ಲ ಕಾಫಿ ಚೆಲ್ಲಿ ಬಂದು ಹಗ್ಗಕ್ಕೆ ಕೈ ಹಾಕಿದರು. ಬೇಕರಿಯವನೂ ಇದ್ದ. ಎಳೆದರು, ಎಳೆದರು, ಹುಲಿಗೆಮ್ಮಕ್ಕ ಡಾಂಬರಿನ ಮೇಲೆ ಮೀನಿನಂತೆ ಜಾರಿಕೊಂಡು ಬಂದು ಹಲಗೆಯ ಬುಡದಲ್ಲಿ ನಿಂತಳು. ಕೊರಳಲ್ಲಿ ಮದುವೆಯ ಹಾರದಂತೆ ಟ್ಯೂಬು. ಕುಪ್ಪಸದ ಬಟ್ಟೆ, ಬಳೆ, ಅಕ್ಕಿ ಹೊಳೆಗೆ ಸಂದಿದ್ದವು. ಸೇಬು ಮಾತ್ರ ಕೈಯಲ್ಲೇ ಇತ್ತು.

ಬಾಯಿಂದ ನೀರು ಉಗುಳಿ ಮೊದಲು ಹೇಳಿದ್ದು ನನಗೆ. "ಏನಂದಿ ಲೇ? ಹಿಡಿಯೇ ಅಂದೆಲ್ಲ ನನಗ? ದೊಡ್ಡಾಕಿಗೆ?"

ನನಗೆ ನಗು ಬಂತು. ಯಾಕೆ ಬಂತೋ, ಮಣ್ಣಿನ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕೆ. ಅವಳೂ ಸುರು ಮಾಡಿದಳು. ಪ್ರತಿಭಾ ಅಳುತ್ತ ನಕ್ಕಳು. ಅರ್ಥವಾಗದೆ ಬೇಕರಿಯವನೂ ನಕ್ಕ. ಅಷ್ಟರಲ್ಲಿ ಸೈರನ್ ಕೂಗಿಸುತ್ತ ಅಗ್ನಿಶಾಮಕದ ಕೆಂಪು ಗಾಡಿ ಬಂತು, ಇಬ್ಬರು ಆಜಾನುಬಾಹುಗಳು ಇಳಿದು ಹುಲಿಗೆಮ್ಮಕ್ಕನಿಗೆ ಬಂಗಾರದ ಬಣ್ಣದ ತೆಳ್ಳನೆಯ ಹಾಳೆಯೊಂದನ್ನು ಮೈತುಂಬ ಸುತ್ತಿದರು. ಮೈ ಬೆಚ್ಚಗಿಡುವ ಹಾಳೆಯಂತೆ.

"ನನ್ನ ಮದಿವ್ಯಾಗೂ ಇಂಥ ಜರತಾರಿ ಉಡಿಸಿದ್ದಿಲ್ಲ," ಎಂದಳು. ಹಲ್ಲು ಕಟಕಟ ಅನ್ನುತ್ತಿದ್ದವು. ಆ ಹಾಳೆಯನ್ನು ವಾಪಸು ಕೊಡಲಿಲ್ಲ.

ಮನೆಯಲ್ಲಿ ಮಾರೆಕ್ಕ ಬೈದಳು. ಪ್ರತಿಭಾ ತರ್ಜುಮೆ ಮಾಡಲಿಲ್ಲ, ಬೇಕಾಗಿಯೂ ಇರಲಿಲ್ಲ. ನನಗೆ ಮಾತ್ರ ಮಾರೆಕ್ಕ ಅವಳಿಂದ ನಿಧಾನವಾಗಿ ಒಂದು ಮಾತು ಹೇಳಿಸಿದಳು: ಬಿದ್ದವರ ಹಿಂದೆ ನೀರಿಗೆ ಇಳಿಯಬಾರದು. ಎಸೆಯಬೇಕು, ಕೂಗಬೇಕು, ದಂಡೆಯಿಂದ ಎಳೆಯಬೇಕು. ಇಳಿದರೆ ಒಂದು ಹೆಣಕ್ಕೆ ಎರಡಾಗುತ್ತವೆ.

ಹುಲಿಗೆಮ್ಮಕ್ಕ ಮೂರು ಕಂಬಳಿಯೊಳಗಿಂದ ಕಣ್ಣು ಮಾತ್ರ ಹೊರಗಿಟ್ಟು ಹೀಟರಿನ ಮುಂದೆ ಕೂತಿದ್ದಳು. ಬಹಳ ಹೊತ್ತಿನ ಮೇಲೆ ಕರೆದಳು.

"ಶಾಂತಾ."

"ಹ್ಞಾಂ ಅಕ್ಕಾ."

"ನಾ ಏನೇನು ಹಾಕ್ಕೊಂಡಿದ್ನಿ ಆಗ?"

"ಸೀರಿ. ಸ್ವೆಟರು. ಕಾಲಚೀಲ."

"ರೇನ್‌ಕೋಟು?"

"ಇಲ್ಲ."

ಅವಳು ಹೀಟರನ್ನು ನೋಡಿದಳು.

"ಮೊಣಕಾಲು ಸೈತ ಮುಟ್ಟಿದ್ದಿಲ್ಲ," ಎಂದಳು. "ಕಾಲೇ ಇಲ್ಲ ಅನ್ನಂಗ ಆತು. ಈಸಾಕ ಬರಾಂವ ಆದ್ರೂ ಕಾಲೂರಾಕ ನೆಲ ಬೇಕಲ್ಲ."

ಆಮೇಲೆ ಕಂಬಳಿಯಿಂದ ಒಂದು ಕೈ ಹೊರಬಂತು. ಅದರಲ್ಲಿ ಸೇಬು ಇತ್ತು. "ಹೋಳು ಮಾಡು. ನಿನಗೊಂದು, ನನಗೊಂದು."

ಈಜುಕೊಳ

ಮರುದಿನ ಮಾರೆಕ್ಕ ನಮ್ಮನ್ನು ಎಳೆದುಕೊಂಡೇ ಹೋದಳು. ದೊಡ್ಡ ಗಾಜಿನ ಮನೆ, ಒಳಗೆ ಬಿಸಿ, ನಡುವೆ ತಿಳಿ ನೀರು. ಐದಾರು ವರ್ಷದ ಮಕ್ಕಳು ಸಾಲಾಗಿ ನಿಂತಿದ್ದರು, ಪ್ಯಾಂಟು, ಅಂಗಿ, ಬೂಟು ಹಾಕಿಕೊಂಡು. ದೊಡ್ಡ ಮಕ್ಕಳ ಮೈಮೇಲೆ ರೇನ್‌ಕೋಟೂ ಇತ್ತು. ಮೇಷ್ಟ್ರು ಚಪ್ಪಾಳೆ ಹೊಡೆದ. ಎಲ್ಲರೂ ಬೂಟು ಸಮೇತ ಧಡಧಡ ನೀರಿಗೆ ಬಿದ್ದರು.

"ಇವರಿಗೇನು ಬಟ್ಟಿ ಬಿಚ್ಚಾಕ ಪುರಸತ್ತಿಲ್ಲೇನು?" ಎಂದಳು ಹುಲಿಗೆಮ್ಮಕ್ಕ.

"ಅತ್ತಿ, ಹೊಳಿಗಿ ಬೀಳಾವ್ರು ಬಟ್ಟಿ ಕಳಚಿಟ್ಟು ಬೀಳ್ತಾರೇನು?"

ನಮ್ಮ ಕಡೆ ಹುಡುಗರು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಹಾರುತ್ತಾರೆ. ಚಡ್ಡಿಯಲ್ಲೇ ಕಲಿಯುತ್ತಾರೆ, ಚಡ್ಡಿಯಲ್ಲೇ ಈಜುತ್ತಾರೆ. ಹೆಣ್ಣುಮಕ್ಕಳಂತೂ ಕಲಿಯುವುದೇ ಇಲ್ಲ.

ಮಕ್ಕಳ ಪಾಠ ಮುಗಿದ ಮೇಲೆ ಮೇಷ್ಟ್ರು ನಮ್ಮ ಕಡೆ ನೋಡಿ ನೀರು ತೋರಿಸಿದ. ಎದೆಮಟ್ಟದ ನಿಂತ ನೀರು. ಪ್ರತಿಭಾ ತನ್ನ ಚೀಲ ತೆರೆದಳು. ಒಳಗೆ ನನ್ನ ನೀಲಿ ಕೋಟು ಇತ್ತು.

"ಯಾರು ತೆಗಿ ಅಂದ್ರು ಇದನ್ನ?"

"ನಾ ಅಂದೀನಿ," ಎಂದಳು ಹುಲಿಗೆಮ್ಮಕ್ಕ.

ಸೀರೆಗೆ ಕಚ್ಚೆ ಹಾಕಿದೆ. ಕೋಟು ತೊಟ್ಟೆ. ಹೊಸ ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಹೋಗಿರಲಿಲ್ಲ. ಅಂಚಿನಲ್ಲಿ ನಿಂತೆ. ಬೂಟಿನ ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. ಮೇಷ್ಟ್ರು ಬೆರಳು ಮಡಚಿ ಎಣಿಸತೊಡಗಿದ. ಎರಡು ಸಲ ಎಣಿಸಿದ, ಎರಡು ಸಲವೂ ನಾನು ಕದಲಲಿಲ್ಲ.

"ಒಡಪು ಹಾಕಿ ಜಿಗಿಯೇ!" ಎಂದು ಹುಲಿಗೆಮ್ಮಕ್ಕ ಕೂಗಿದಳು.

ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆ ಮುಂಜಿಯಲ್ಲಿ ಬಾಗಿಲಿಗೆ ಅಡ್ಡ ನಿಂತವರು ಬಿಡದಿದ್ದರೆ ಪ್ರಾಸ ಕಟ್ಟಿ ಒಡಪಿನಲ್ಲಿ ಮಾತ್ರ ಹೇಳುತ್ತೇವೆ. ಗಂಡ ಹೋದವರನ್ನು ಯಾರೂ ಒಡಪು ಕೇಳುವುದಿಲ್ಲ. ನಾಲ್ಕು ವರ್ಷ ಆ ಹೆಸರು ನನ್ನ ಬಾಯಿಂದ ಹೊರಟಿರಲಿಲ್ಲ. ಅವಳೇ ಕೇಳಿದ್ದಳು, ಅವರ ಅಕ್ಕ.

"ಕೃಷ್ಣಿ ಹೊಳಿ ತುಂಬಿ ಬಂದ್ರ ಕೆಂಪಾನ ನೀರು,
ಭೀಮಣ್ಣನ ಹೆಸರ ಹೇಳಿ ಜಿಗಿತೀನಿ, ಹಿಡಿಯಾವ್ರು ಯಾರು!"

ಜಿಗಿದೆ. ಕಿವಿ, ಮೂಗು, ಬಾಯಿ ಎಲ್ಲ ನೀರು. ಮೇಲೆ ಬಂದರೆ ಕೋಟಿನೊಳಗೆ ಗಾಳಿ ತುಂಬಿ ನಾನು ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿದ್ದೆ. ಮೇಷ್ಟ್ರು ತೋರಿಸಿದಂತೆ ಕೋಟಿನ ಕೆಳ ಅಂಚನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದು ಅಂಗಾತ ಮಲಗಿದೆ. ಕೋಟು ನನ್ನನ್ನು ಹೊತ್ತುಕೊಂಡಿತು. 'ಎತ್ತಿ ಹಿಡಿದದ' ಎಂದು ಚಾವಣಿ ನೋಡುತ್ತ ನನಗೇ ಹೇಳಿಕೊಂಡೆ.

"ಇದು ನಿಂತ ನೀರು ಯವ್ವಾ," ಎಂದು ಪ್ರತಿಭಾ ಮೇಷ್ಟ್ರ ಮಾತನ್ನು ಕಿವಿಯ ಹತ್ತಿರ ಬಂದು ಹೇಳಿದಳು. "ಹರಿಯೋ ನೀರಾಗ ಯಾವ ಕೋಟೂ ಕಾಯೂದಿಲ್ಲ, ಯಾವ ಕೋಟೂ ಕೊಲ್ಲೂದಿಲ್ಲ. ಅಲ್ಲಿ ಕಾಲಿಡಬಾರ್ದು. ಅಷ್ಟ."

ಧಡಾರ್ ಎಂದು ನೀರು ಹಾರಿತು. ಹುಲಿಗೆಮ್ಮಕ್ಕ, ಯಾರೂ ಎಣಿಸದೆ, ಯಾವ ಒಡಪೂ ಇಲ್ಲದೆ, ಬಂಗಾರದ ಹಾಳೆ ಸುತ್ತಿಕೊಂಡು ಜಿಗಿದಿದ್ದಳು. ಮಕ್ಕಳು ಚಪ್ಪಾಳೆ ತಟ್ಟಿ ಕುಣಿದರು.

ಮಸರಕಲ್, ಈ ಮಳೆಗಾಲ

ಪ್ರವಾಸ ಮುಗಿಯುವುದು ಮನೆಗೆ ಬಂದಾಗ ಎನ್ನುತ್ತಾರೆ. ನಮ್ಮದು ಈ ಮಳೆಗಾಲದ ತನಕ ಬಂತು.

ಕೃಷ್ಣೆಗೆ ನೀರು ಬಿಡುತ್ತಾರೆ ಎಂದು ಡಂಗುರ ಸಾರಿದ ದಿನವೇ ಹುಲಿಗೆಮ್ಮಕ್ಕ ಬಾಗಲವಾಡದಿಂದ ಬಂದಿಳಿದಳು. ಮರುದಿನ ಮಳೆ ಹಿಡಿಯಿತು. ಹಳ್ಳದ ಸೇತುವೆಯ ಮೇಲೆ ನೀರು ಹರಿಯತೊಡಗಿತು. ನಾವಿಬ್ಬರೂ ಮನೆಯ ಹಗ್ಗದ ಮಂಚ, ನಮ್ಮ ಹೊರಸನ್ನು ಹೊತ್ತುಕೊಂಡು ಹೋಗಿ ರಸ್ತೆಗೆ ಅಡ್ಡ ಹಾಕಿದೆವು. ಅದರ ಕಾಲಿಗೆ ಕೆಂಪು ಕುಪ್ಪಸದ ಬಟ್ಟೆ ಕಟ್ಟಿದೆವು. ಪಕ್ಕದಲ್ಲಿ ಲಾರಿ ಟ್ಯೂಬು, ನಮ್ಮ ಮನೆಯವರ ಮೋಟರ್ ಎಳೆಯುವ ಹಗ್ಗ.

ನಮ್ಮ ಜನಕ್ಕೆ ಬರೇ ಹೊರಸು ಸಾಲದು. ಅದಕ್ಕೆ ಹುಲಿಗೆಮ್ಮಕ್ಕ ಅದರ ಮೇಲೆ ಬಂಗಾರದ ಹಾಳೆ ಹೊದ್ದು ಕೂತಳು. ಮಳೆಯಲ್ಲಿ ದೂರದಿಂದ ದೇವರು ಕೂತಂತೆ ಹೊಳೆಯುತ್ತಿದ್ದಳು. ಮೊದಲು ಬಂದವನು ಬೈಕಿನವ.

"ಯವ್ವಾ, ಸರೀರಿ. ಮೊಣಕಾಲುದ್ದ ನೀರು ಅದ, ದಾಟ್ತೀನಿ. ನನಗ ಈಸಾಕ ಬರ್ತದ."

"ನನ್ನ ತಮ್ಮಗೂ ಬರ್ತಿತ್ತು," ಎಂದಳು ಹುಲಿಗೆಮ್ಮಕ್ಕ. "ಬಾ, ಕುಂಡ್ರು. ರೊಟ್ಟಿ ಅದಾವ, ಚಟ್ನಿ ಅದ. ನೀರು ಇಳಿಯೂ ತನಕ ನೀ ನನ್ನ ಬೀಗ."

ಅವನು ಗೊಣಗುತ್ತ ಗಾಡಿ ನಿಲ್ಲಿಸಿದ. ಇನ್ನಿಬ್ಬರು ಬಂದರು. ಒಂದು ಟ್ರ್ಯಾಕ್ಟರ್ ಬಂತು, ನಿಂತಿತು. ಮಳೆ ಜೋರಾಯಿತು. ನಾನು ತಲೆಗೆ ಗೋಣಿಚೀಲ ಏರಿಸಲು ಹೋದೆ.

"ಬಾ ಇಲ್ಲೆ," ಎಂದಳು. ಹೊರಡುವಾಗಲೇ ತನ್ನ ಗಂಟಿಗೆ ಸೇರಿಸಿಕೊಂಡಿದ್ದ ನನ್ನ ನೀಲಿ ಕೋಟು ತೆಗೆದು ನನಗೆ ತೊಡಿಸಿದಳು. ಗುಂಡಿ ಹಾಕಿದಳು. ಬೈಕಿನವ, ಟ್ರ್ಯಾಕ್ಟರಿನವ ಎಲ್ಲರೂ ನೋಡುತ್ತಿರುವಾಗ ಟೊಪ್ಪಿಗೆಯ ದಾರವನ್ನು ನನ್ನ ಗದ್ದದ ಕೆಳಗೆ ತಂದು ಗಂಟು ಹಾಕಿದಳು.

"ಬಿಗಿ ಆತೇನು?"

"ಇಲ್ಲ ಅಕ್ಕಾ," ಎಂದೆ. "ಹಿಂಗ ಇರಲಿ."